ಮಂಗಟ್ಟೆಯ ಎಣ್ಣೆ

ಮಂಗಟ್ಟೆ ಹಾರುವ ಸದ್ದು ಕೇಳಿದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ದೊಡ್ಡ ಹಕ್ಕಿ ಅದು, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕನ್ನು ಹೊತ್ತುಕೊಂಡ ಹಾಗೆ ಕಾಣುತ್ತದೆ. ರೆಕ್ಕೆ ಬಡಿದರೆ ಯಾರೋ ಆಕಾಶದಲ್ಲಿ ಮೊರ ಹಿಡಿದು ಭತ್ತ ಗಾಳಿಗೆ ತೂರಿದಂಥ ಸದ್ದು. ಮನೆಯವರೆಲ್ಲ ಅಂಗಳಕ್ಕೆ ಓಡಿ ತಲೆ ಎತ್ತುತ್ತಾರೆ. ನಾನು ಕೂತಲ್ಲಿಂದ ಏಳುವುದಿಲ್ಲ. ಸೋಮಾರಿ ಅನ್ನುತ್ತಾರೆ, ಅನ್ನಲಿ.

ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ನಾರಾವಿಯ ಹತ್ತಿರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಬೇಸಗೆ ರಜೆ ಶುರುವಾಗುವ ಹೊತ್ತಿಗೆ ಮೈಸೂರಿನಿಂದ ಒಬ್ಬರು ನಿವೃತ್ತ ಪ್ರೊಫೆಸರರು ಬಂದರು. ಪ್ರಾಣಿಶಾಸ್ತ್ರ ಕಲಿಸಿದವರು, ಇನ್ನು ಉಳಿದ ಆಯುಷ್ಯವೆಲ್ಲ ಕಾಡುಹಕ್ಕಿಗಳಿಗೆ ಎಂದು ತೀರ್ಮಾನಿಸಿದವರು. ಅವರಿಗೆ ತುಳು ಬಾರದು, ನಮ್ಮವರಿಗೆ ಅವರ ಓಡುವ ಕನ್ನಡ ಹಿಡಿಯದು. ನಡುವೆ ಒಬ್ಬ ಬೇಕಿತ್ತು, ಪರಿಚಯದವರು ನನ್ನನ್ನು ಕೊಟ್ಟರು.

ಮೊದಲು ಬಂಟ್ವಾಳದ ಹೊಳೆಬದಿ ತಿರುಗಿದೆವು, ಆಮೇಲೆ ವಾಮದಪದವಿನ ಗುಡ್ಡಗಳು. ಎಲ್ಲಿ ಹೋದರೂ ಜನ ಅವರ ಕೊರಳಿನ ದುರ್ಬೀನನ್ನೇ ನೋಡುತ್ತಿದ್ದರು. ಪುಂಜಾಲಕಟ್ಟೆಯ ಹೋಟೆಲಿನಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸರ್ವೆಯವರಾ? ರಸ್ತೆ ಯಾರ ಗದ್ದೆಯಲ್ಲಿ ಬರ್ತದೆ ಮಾರಾಯ?" ಎಂದು ಕೇಳಿದರು. ಹಕ್ಕಿ ನೋಡಲಿಕ್ಕೆ ಬಂದವರು ಎಂದರೆ ನಂಬಲಿಲ್ಲ. ಪೇಟೆಯಲ್ಲಿ ನಾಲ್ಕು ಜನ ನನ್ನನ್ನು ತಿರುಗಿ ನೋಡುವುದು ನನಗೆ ಹೊಸತು. ನಾನೂ ಅರ್ಧ ವಿಜ್ಞಾನಿ ಎಂದು ಎದೆ ಉಬ್ಬಿಸಿಕೊಂಡು ಅವರ ಚೀಲ ಹೊರುತ್ತಿದ್ದೆ.

ಪ್ರೊಫೆಸರರಿಗೆ ಮಂಡಿನೋವು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ನಾರಾವಿಯ ಕಡೆ ಬಂದ ಮೇಲೆ ಅವರನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡೆವು. ಮೀನು ಮಾಂಸ ಮುಟ್ಟದವರು. ಅವರಿಗಾಗಿ ಅಮ್ಮ ಒಂದು ಒಲೆಯನ್ನೇ ಬೇರೆ ಮಾಡಿದರು. ಅಪ್ಪ ಬೇಸಾಯದವರು, ಮಾತು ಕಮ್ಮಿ. ಮನೆಗೆ ಬಂದವರು ತೃಪ್ತಿಯಾಗಿ ಹೋಗಬೇಕು, ಅದೊಂದೇ ಅವರ ಚಿಂತೆ.

ಕಾಡಿನಂಚಿನ ಒಂದು ಧೂಪದ ಮರದಲ್ಲಿ ನಮಗೆ ಮಂಗಟ್ಟೆಯ ಗೂಡು ಸಿಕ್ಕಿತು. ಮರದ ಪೊಟರೆಯೊಳಗೆ ಹೆಣ್ಣು ಕೂತು, ಬಾಗಿಲಿಗೆ ಮಣ್ಣು ಮೆತ್ತಿ, ಕೊಕ್ಕಿನ ತುದಿಯಷ್ಟೇ ಹೊರಗೆ ಬರುವಷ್ಟು ಸೀಳು ಬಿಟ್ಟಿತ್ತು. ಮರಿ ಬಲಿಯುವವರೆಗೆ ಅದು ಒಳಗೇ. ರೆಕ್ಕೆಯ ಗರಿಯೂ ಉದುರಿರುತ್ತದೆ, ಹಾರುವ ಹಾಗಿಲ್ಲ. ಗಂಡು ಗಂಟಲು ತುಂಬ ಹಣ್ಣು ತಂದು, ಒಂದೊಂದಾಗಿ ಕಕ್ಕಿ ಸೀಳಿನಲ್ಲಿ ಕೊಡಬೇಕು. "ಗಂಡು ಬರದೇ ಹೋದರೆ ಒಳಗಿರೋ ಎರಡು ಜೀವಾನೂ ಮುಗೀತು ಅಂತ ಲೆಕ್ಕ," ಎಂದರು ಪ್ರೊಫೆಸರರು. ಯಾರಾದರೂ ಹತ್ತಿ ಮರಿ ತೆಗೆದಾರು ಎಂಬ ಭಯಕ್ಕೆ ಗೂಡಿನ ವಿಷಯವನ್ನು ಮನೆಯಲ್ಲೂ ಹೇಳಬಾರದೆಂದು ಅವರೇ ನನ್ನಿಂದ ಮಾತು ತೆಗೆದುಕೊಂಡರು.

ಆ ದಿನ ಊಟದ ಹೊತ್ತಿಗೆ ಅವರು ಸಂತೋಷದಲ್ಲಿದ್ದರು. ಗೂಡನ್ನು ಬಿಟ್ಟು ಉಳಿದದ್ದನ್ನು ಹೇಳಿಬಿಟ್ಟರು. "ಯಜಮಾನರೇ, ನಾನು ಈ ವಯಸ್ಸಲ್ಲಿ, ಈ ಮಂಡಿ ಇಟ್ಕೊಂಡು ಇಷ್ಟು ದೂರ ಬಂದಿರೋದೇ ಮಂಗಟ್ಟೆಗೋಸ್ಕರ."

ಅಪ್ಪ ಅವರ ಮಂಡಿ ನೋಡಿದರು. "ಹೌದಾ. ಅದಕ್ಕೆಂತ," ಎಂದರು.

ಆ ಮಾತು ಅಪ್ಪನಿಗೆ ಹೇಗೆ ಕೇಳಿಸಿತು ಎಂದು ಘಟ್ಟದ ಮೇಲಿನವರಿಗೆ ಹೊಳೆಯುವಂತಿರಲಿಲ್ಲ. ಹೊಳೆಯಬೇಕಾದ ನನಗೂ ಹೊಳೆಯಲಿಲ್ಲ. ಮಂಗಟ್ಟೆಯ ನೆಣ ಕರಗಿಸಿದ ಎಣ್ಣೆ ಗಂಟುನೋವಿಗೆ ಒಳ್ಳೆಯದೆಂದು ನಮ್ಮ ಕಡೆಯ ನಂಬಿಕೆ. ಮಂಗಟ್ಟೆ ಬೇಕು ಎಂದು ಯಾರಾದರೂ ದೂರದಿಂದ ಬಂದರೆ ಅದು ಎಣ್ಣೆಗೇ. ದೊಡ್ಡ ಮನುಷ್ಯರು ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಸೂಚನೆ ಕೊಡುತ್ತಾರೆ. ಅರ್ಥಮಾಡಿಕೊಳ್ಳುವುದು ಮನೆಯವನ ಕೆಲಸ. ಅಪ್ಪ ಅರ್ಥಮಾಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ನಾವು ಧೂಪದ ಮರದ ಎದುರು ಕೂತೆವು. ಗಂಡು ಬರಲಿಲ್ಲ. ಬಿಸಿಲು ನೆತ್ತಿಗೆ ಏರಿತು, ಆಗಲೂ ಬರಲಿಲ್ಲ. ಸೀಳಿನಿಂದ ಕೊಕ್ಕಿನ ತುದಿ ಹೊರಗೆ ಬಂದು ಒಂದಿಷ್ಟು ಹೊತ್ತು ಕಾದು ಒಳಗೆ ಹೋಗುತ್ತಿತ್ತು. ಪ್ರೊಫೆಸರರು ತಂದ ಬುತ್ತಿ ಬಿಚ್ಚಲಿಲ್ಲ. ಹೊತ್ತು ಇಳಿಯುವಾಗ ಅವರನ್ನು ಎತ್ತಿ ನಿಲ್ಲಿಸಲು ನಾನು ಎರಡೂ ಕೈ ಕೊಡಬೇಕಾಯಿತು.

ಮನೆ ಸಮೀಪಿಸುವಾಗ ಬಚ್ಚಲಿನ ಕಡೆಯಿಂದ ನೆಣ ಕಾಯುವ ವಾಸನೆ ಬಂತು. ಸೌದೆ ರಾಶಿಯ ಹಿಂದೆ ಮಂಗಟ್ಟೆಯ ಬಾಲದ ಉದ್ದದ ಬಿಳಿಗರಿಗಳು ಬಿದ್ದಿದ್ದವು. ಪ್ರೊಫೆಸರರು ಗರಿಗಳನ್ನು ನೋಡಿದರೋ ಇಲ್ಲವೋ ಎಂದು ಅವರ ಮುಖ ನೋಡಿದೆ. ನೋಡಿದ್ದರು.

ಜಗಲಿಯಲ್ಲಿ ಚಾಪೆ ಹಾಸಿತ್ತು. ಅಪ್ಪ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ಎಣ್ಣೆ ತಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮೊದಲು ಕಂಡಿರಲಿಲ್ಲ. "ಕಾಲು ನೀಡಿ ಮಾಷ್ಟ್ರೇ. ನೀವು ಕೇಳಿದ್ದು ಸಿಕ್ಕಿತು. ತಿನ್ಲಿಕ್ಕೆ ಅಲ್ಲ, ಹಚ್ಲಿಕ್ಕೆ. ನಿಮ್ಮ ಮಡಿಗೆ ಎಂತದೂ ತೊಂದರೆ ಇಲ್ಲ. ಬಚ್ಚಲ ಒಲೆಯಲ್ಲಿ ಕಾಯಿಸಿದ್ದು."

ಆಗ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ? ಅಪ್ಪನ ಕಾಸೆ ಉಟ್ಟ ಪಂಚೆ, ಕೋವಿಯ ಮಸಿ ಹತ್ತಿದ ಬೆರಳು, ನಿಧಾನದ ಪುಸ್ತಕದ ಕನ್ನಡ, ಎಲ್ಲವೂ ನಾಚಿಕೆ. ಅಪ್ಪ ನನ್ನ ಅಪ್ಪನಾಗಿರದಿದ್ದರೆ ಎಂದು ಕೂಡ ಅನಿಸಿತು.

ಪ್ರೊಫೆಸರರು ಪ್ಯಾಂಟು ಮೇಲೆ ಮಾಡಿ ಕಾಲು ನೀಡಿದರು. ಅಪ್ಪ ಮೊಣಕಾಲೂರಿ ಕೂತು ಎಣ್ಣೆ ಸುರಿದು ತಿಕ್ಕತೊಡಗಿದರು.

"ಎಲ್ಲಿ ಸಿಕ್ತು ಯಜಮಾನರೇ?" ಪ್ರೊಫೆಸರರ ಧ್ವನಿ ಸಣ್ಣದಾಗಿತ್ತು.

"ಹೊಳೆಯ ಆಚೆ ಗೋಳಿಮರದಲ್ಲಿ. ಆಸೆಬುರುಕ ಹಕ್ಕಿ ಮಾರಾಯ್ರೇ. ಕೊಯ್ದು ನೋಡಿದರೆ ಗಂಟಲು ತುಂಬ ಹಣ್ಣು! ತಿಂದು ಮುಗಿಸದೆ ಇನ್ನೂ ತುಂಬಿಸಿಕೊಂಡಿತ್ತು."

ಪ್ರೊಫೆಸರರು ಕಣ್ಣು ಮುಚ್ಚಿಕೊಂಡರು. ಅಪ್ಪ ನೋವಿಗೆ ಎಂದುಕೊಂಡು ಕೈ ಹಗುರ ಮಾಡಿದರು. "ಹೇಳಬೇಡಿ," ಎಂದು ಪ್ರೊಫೆಸರರು ನನಗೆ ಇಂಗ್ಲಿಷಿನಲ್ಲಿ ಅಂದರು. ಆದರೆ ಪೊಟರೆಯೊಳಗೆ ಹಕ್ಕಿ ಕಾಯುತ್ತಿತ್ತು. ಆ ಮರ ಹತ್ತುವ ತಾಕತ್ತು ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ, ಅಪ್ಪನಿಗಿತ್ತು. ನಾನು ತುಳುವಿನಲ್ಲಿ ಎಲ್ಲವನ್ನೂ ಹೇಳಿದೆ. ಮಣ್ಣು ಮೆತ್ತಿದ ಬಾಗಿಲು, ಹಾರಲಾಗದ ಹೆಣ್ಣು, ಮರಿ, ಆ ಹಣ್ಣು ಯಾರಿಗೆಂದು.

ಅಪ್ಪನ ಕೈ ಮಂಡಿಯ ಮೇಲೆ ನಿಂತಿತು. ತೆಗೆಯಬೇಕೋ ಇಡಬೇಕೋ ತಿಳಿಯದೆ ಅಲ್ಲೇ ಇತ್ತು. ಕೊನೆಗೆ ಪ್ರೊಫೆಸರರೇ ಆ ಕೈಯನ್ನು ಹಿಡಿದುಕೊಂಡರು. "ತಪ್ಪು ನಂದು. ನಾನು ಬಿಡಿಸಿ ಹೇಳಬೇಕಿತ್ತು," ಎಂದರು. ಅಪ್ಪ ಎದ್ದು ಬಾವಿಕಟ್ಟೆಗೆ ಹೋಗಿ ಬೂದಿ ಹಾಕಿ ಕೈ ತೊಳೆದರು. ಜಿಡ್ಡು ಹೋದ ಮೇಲೂ ತೊಳೆಯುತ್ತಲೇ ಇದ್ದರು. ಊಟಕ್ಕೆ ಬರಲಿಲ್ಲ.

ಬೆಳಿಗ್ಗೆ ನಾವು ಏಳುವ ಮೊದಲೇ ಅಂಗಳದಲ್ಲಿ ಬಿದಿರಿನ ಏಣಿ, ತುದಿ ಸೀಳಿದ ಒಂದು ಕೋಲು, ಬುಟ್ಟಿಯಲ್ಲಿ ಗೋಳಿಹಣ್ಣು ಇಟ್ಟುಕೊಂಡು ಅಪ್ಪ ಕೂತಿದ್ದರು. "ಮರ ತೋರಿಸಿ," ಎಂದರು. ಅಷ್ಟೇ.

ಅವರು ಏಣಿ ಹತ್ತಿ, ಕೋಲಿನ ಸೀಳಿಗೆ ಒಂದು ಹಣ್ಣು ಸಿಕ್ಕಿಸಿ ಪೊಟರೆಯ ಬಾಗಿಲಿಗೆ ಹಿಡಿದರು. ಒಳಗೆ ಸದ್ದಿಲ್ಲ. ಕೈ ಸೋತರೆ ಇನ್ನೊಂದು ಕೈಗೆ ಬದಲಿಸಿ ಹಿಡಿದೇ ಇದ್ದರು. ಕೆಳಗೆ ಪ್ರೊಫೆಸರರು ದುರ್ಬೀನು ತೆಗೆಯಲಿಲ್ಲ, ಬರಿಗಣ್ಣಿನಲ್ಲಿ ನಿಂತು ನೋಡುತ್ತಿದ್ದರು. ಆ ದಿನ ಹಕ್ಕಿ ಮುಟ್ಟಲಿಲ್ಲ. ಮಾರನೇ ದಿನ ಕೊಕ್ಕಿನ ತುದಿ ಹೊರಬಂತು, ಹಣ್ಣನ್ನು ತಟ್ಟಿ ಬೀಳಿಸಿತು. ಅಪ್ಪ ಇನ್ನೊಂದು ಸಿಕ್ಕಿಸಿದರು. ಅದನ್ನು ತೆಗೆದುಕೊಂಡಿತು. ಒಳಗಿನಿಂದ ಮರಿಯ ಕೀರಲು ಕೇಳಿಸಿತು.

ನಾನು ಕೂಗಬೇಕೆಂದು ಬಾಯಿ ತೆರೆದೆ, ಅಪ್ಪನನ್ನು ನೋಡಿ ಮುಚ್ಚಿಕೊಂಡೆ. ಅವರು ಮುಖವನ್ನು ಪೂರ್ತಿ ಆಚೆ ತಿರುಗಿಸಿ, ಕೋಲನ್ನು ಮಾತ್ರ ಹಕ್ಕಿಯ ಕಡೆಗೆ ಹಿಡಿದಿದ್ದರು.

ಪ್ರೊಫೆಸರರು ಮೂಡಬಿದಿರೆಯ ಬಸ್ಸಿಗೆ ಹೊರಟ ದಿನ ಅಪ್ಪ ಕಳುಹಿಸಿಕೊಡಲು ಬರಲಿಲ್ಲ, ಮರದ ಹತ್ತಿರ ಹೋಗಿದ್ದರು. ಪ್ರೊಫೆಸರರು ಮೆಟ್ಟಿಲ ಮೇಲೆ ಕಾಲನ್ನು ಎರಡೂ ಕೈಯಿಂದ ಎತ್ತಿ ಇಟ್ಟುಕೊಂಡು ಬಸ್ಸು ಹತ್ತಿದರು. ಕೂತ ಮೇಲೆ ಕಿಟಕಿಯಿಂದ ಬಗ್ಗಿ, "ನಿಮ್ಮ ತಂದೆಯವರಿಗೆ ಹೇಳಿ, ಎಣ್ಣೆಯಿಂದ ನೋವು ಕಮ್ಮಿಯಾಗಿದೆ ಅಂತ," ಎಂದರು. ನಾನು ಹಾಗೆಯೇ ಹೇಳಿದೆ. ಅಪ್ಪ ಕೇಳಿಸಿಕೊಂಡು ಹಟ್ಟಿಯೊಳಗೆ ಹೋದರು, ದನಗಳೆಲ್ಲ ಮೇಯಲು ಹೋಗಿದ್ದ ಹೊತ್ತು ಅದು.

ಗೋಳಿ ಮುಗಿದರೆ ಅತ್ತಿ, ಅತ್ತಿ ಮುಗಿದರೆ ಕಾಡಿನ ಬೇರೆ ಹಣ್ಣು, ಅಪ್ಪ ದಿನ ತಪ್ಪಿಸಲಿಲ್ಲ. ಊರಿನಲ್ಲಿ ನಗಾಡಿದರು, ಮಂಗಟ್ಟೆಯ ಬಾಣಂತನ ಮಾಡುವವರು ಎಂದು ಹೆಸರಿಟ್ಟರು. ಕೋವಿ ಅಟ್ಟ ಸೇರಿತು. ಮಳೆಗಾಲದ ಮೊದಲ ಗುಡುಗು ಕೇಳುವ ಹೊತ್ತಿಗೆ ಒಂದು ದಿನ ಪೊಟರೆಯ ಮಣ್ಣು ಒಡೆದು ಬುಡದಲ್ಲಿ ಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ.

ಕೆಲವು ದಿನಗಳ ಮೇಲೆ ನಮ್ಮ ಅಂಗಳದ ಮೇಲೆ ಆ ಸದ್ದು ಹಾಯಿತು. ಅಮ್ಮ ಹೊರಗೆ ಓಡಿದರು, ಹಿಂದೆಯೇ ನಾನು. ಒಂದು ದೊಡ್ಡದು, ಅದರ ಹಿಂದೆ ತಡವರಿಸುತ್ತ ಒಂದು ಸಣ್ಣದು, ತೆಂಗಿನಮರದ ತುದಿಯಲ್ಲಿ ಇಳಿದವು. "ಇಕೊಳ್ಳಿ, ಹೊರಗೆ ಬನ್ನಿ! ನಿಮ್ಮ ಹಕ್ಕಿಗಳು ಬಂದಿವೆ!" ಎಂದು ಅಮ್ಮ ಕೂಗಿದರು.

ಅಪ್ಪ ಜಗಲಿಯ ಕಂಬದ ಹಿಂದೆ ಸರಿದು, ಹೆಗಲಿನ ಬೈರಾಸನ್ನು ತಲೆಯ ಮೇಲೆ ಎಳೆದುಕೊಂಡರು.

"ಬೇಡ," ಎಂದರು. "ಅದಕ್ಕೆ ನನ್ನ ಗುರ್ತ ಉಂಟು. ಒಳ್ಳೆಯವ ಅಂತ ಎಣಿಸಿರ್ತದೆ."