ಕೆಳದಾರಿಯ ಒಲೆಯಕ್ಕ ಮೇಲೆ ಹತ್ತಿದ್ದು

ಬೆಟ್ಟದ ನೆತ್ತಿಯ ಮೇಲಿನ ಹಳೆಯ ಊರು ಹಾಳುಬಿದ್ದು ಯಾವ ಕಾಲವಾಯಿತೋ. ಅದನ್ನು ನೋಡಲು ಜನ ಬೆನ್ನಿಗೆ ಚೀಲ ಹೊತ್ತು, ದಿನಗಟ್ಟಲೆ ಏದುಸಿರು ಬಿಡುತ್ತ ಹತ್ತುತ್ತಾರೆ. ಅವರಿಗೆ ಬೇಯಿಸಿ ಹಾಕುವವಳನ್ನು ಎಲ್ಲರೂ ಒಲೆಯಕ್ಕ ಎನ್ನುತ್ತಿದ್ದರು. ದಾರಿ ತೋರಿಸಿ ಇತಿಹಾಸ ಹೇಳುವ ಗೈಡು ಅವಳ ಗಂಡ. ಅವನಿಗೆ ಭಾಷಣದಣ್ಣ ಎಂಬ ಹೆಸರು, ಬಾಯಿಗೆ ಬೀಗವಿಲ್ಲದ್ದಕ್ಕೆ ಬಂದದ್ದು.

ಮದುವೆಯಾದ ವರ್ಷದಿಂದ ಒಲೆಯಕ್ಕ ಈ ಬೆಟ್ಟ ತುಳಿಯುತ್ತಿದ್ದಾಳೆ. ಆದರೆ ಆ ಹಾಳೂರನ್ನು ಒಮ್ಮೆಯೂ ಕಂಡಿಲ್ಲ. ಕೊನೆಯ ದಿನ ಒಂದು ವಾಲಿದ ಬಂಡೆಯ ಹತ್ತಿರ ದಾರಿ ಎರಡಾಗುತ್ತದೆ. ಪ್ರವಾಸಿಗಳು ಗೈಡಿನ ಹಿಂದೆ ಮೇಲಕ್ಕೆ. ಒಲೆ, ಪಾತ್ರೆ, ಹೇಸರಗತ್ತೆ, ಅಡುಗೆಯವಳು ಬೆಟ್ಟದ ಸೊಂಟ ಬಳಸಿ ಕೆಳದಾರಿಗೆ. ಅವರು ಆಚೆ ಮಗ್ಗುಲಿಗೆ ಇಳಿದು ಬರುವಷ್ಟರಲ್ಲಿ ಬಿಸಿಬಿಸಿ ಗಂಜಿ ಕಾಯುತ್ತಿರಬೇಕು. ಈ ಪ್ರವಾಸ ನಡೆಸುವ ಧಣಿ ಮಾಡಿದ ಕಟ್ಟಳೆ ಅದು: ನೋಡುವವರು ಮೇಲೆ, ಬೇಯಿಸುವವರು ಕೆಳಗೆ. ಈ ಕಟ್ಟಳೆ ಬೆಟ್ಟದಲ್ಲಿ ಮಾತ್ರ ಇದೆ ಎಂದುಕೊಂಡವರು ತಮ್ಮ ಮನೆಯ ಅಡುಗೆಕೋಣೆಗೆ ಇಣುಕಿದವರಲ್ಲ.

ಹಾಗೆಂದು ಅವಳಿಗೆ ಆ ಊರು ಗೊತ್ತಿಲ್ಲವೆಂದಲ್ಲ. ಸೀಸನ್ನಿಗೆ ಮುಂಚೆ ಗಂಡ ಮನೆಯ ನಡುಕೋಣೆಯಲ್ಲಿ ನಿಂತು ಭಾಷಣ ಉರುಹೊಡೆಯುತ್ತಿದ್ದ. ಎದುರಿಗೆ ಕೂತು ಈರುಳ್ಳಿ ಹೆಚ್ಚುವ ಹೆಂಡತಿಯೇ ಅವನ ಸಭೆ. ಎಡಗೈ ಚಾಚಿ ರಾಜಸಭೆ ತೋರಿಸುತ್ತಿದ್ದ, ಬಲಗೈ ಚಾಚಿ ಕುದುರೆಲಾಯ. ಎಲ್ಲಿ ಕೆಮ್ಮಬೇಕು, ಎಲ್ಲಿ ದನಿ ನಡುಗಿಸಬೇಕು, ಎಲ್ಲ ಅವಳಿಗೆ ಬಾಯಿಪಾಠ. ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಕಣ್ಣಾರೆ ಕಂಡವಳಂತೆ ಒಪ್ಪಿಸುತ್ತಿದ್ದಳು. ಈ ಸಲ ಹೊರಡುವ ಮುಂಚೆ ಆ ಹೆಂಗಸು ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದಳು: "ಅದೆಲ್ಲ ಸರಿ ಅಕ್ಕ. ಅಲ್ಲಿ ಏನು ವಾಸನೆ ಬರುತ್ತೆ?"

ವಾಸನೆ ಭಾಷಣದಲ್ಲಿ ಇರಲಿಲ್ಲ.

ಆ ಪ್ರಶ್ನೆ ಹಲ್ಲಿಗೆ ಸಿಕ್ಕ ನಾರಿನ ಹಾಗೆ ದಾರಿಯುದ್ದಕ್ಕೂ ಕಾಡಿತು. ಕೊನೆಯ ದಿನದ ಬೆಳಿಗ್ಗೆ ಅವಳು ದೊಡ್ಡ ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು. ಒಲೆ ತಣ್ಣಗಿತ್ತು. ಘೋಷಣೆ ಇಲ್ಲ, ಬಾವುಟ ಇಲ್ಲ, ಒಬ್ಬಳದೇ ಮುಷ್ಕರ. ಸಾವಿರ ಜನರ ಮುಷ್ಕರಗಳೇ ಮಧ್ಯಾಹ್ನದ ಊಟದ ಹೊತ್ತಿಗೆ ಮುರಿದುಬಿದ್ದಿವೆ. ಇಲ್ಲಿ ಮುಷ್ಕರ ಹೂಡಿದ್ದು ಊಟವೇ.

"ಇವತ್ತು ನಾನು ಮೇಲೆ ಹೋಗ್ತೀನಿ. ನೀವು ಕೆಳಗೆ ಹೋಗಿ."

ಗಂಡ ನಕ್ಕ. ನಗು ನಾಟದಿದ್ದಾಗ ಧಣಿಯ ಹೆದರಿಕೆ ಹಾಕಿದ. ಧಣಿಯ ಹೊಟ್ಟೆ ಈ ಏರು ಹತ್ತಿ ಯಾವ ಕಾಲವಾಯಿತು ಎಂದು ಅವಳು ವಿಚಾರಿಸಿದಳು. ಅಷ್ಟರಲ್ಲಿ ಪ್ರವಾಸಿಗಳು ತಟ್ಟೆ ಹಿಡಿದು ಡೇರೆಗಳಿಂದ ತಲೆ ಹೊರಹಾಕತೊಡಗಿದರು.

"ಲೇ, ನಾನಿಲ್ದಿದ್ರೆ ಇವರಿಗೆ ಕಥೆ ಹೇಳೋರು ಯಾರೇ?"

"ರೀ, ನೀವು ಬಾಯಿ ಮುಚ್ಚಿದ್ರೆ ಯಾರಿಗೂ ಹಸಿವಾಗಲ್ಲ. ನಾನು ಒಲೆ ಮುಚ್ಚಿದ್ರೆ?"

ಒಪ್ಪಂದವಾಯಿತು. ಸಂಜೆ ಒಬ್ಬನೇ ಒಬ್ಬ ಪ್ರವಾಸಿ ಗೊಣಗಿದರೂ ಅವಳಿಗೆ ಸಾಯುವ ತನಕ ಕೆಳದಾರಿ, ತುಟಿಪಿಟಕ್ಕೆನ್ನುವಂತಿಲ್ಲ. ಗೊಣಗದಿದ್ದರೆ ಇನ್ನು ಮುಂದೆ ಒಂದು ಸಲ ಅವನು, ಒಂದು ಸಲ ಅವಳು.

ಬೆನ್ನ ಮೇಲೆ ಹೊರೆಯಿಲ್ಲದ ಒಲೆಯಕ್ಕನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಸೌಟು ಹಿಡಿದುಕೊಂಡೇ ಹೊರಟಳು. ವಾಲಿದ ಬಂಡೆ ದಾಟಿದ ಮೇಲೆ ದಾರಿ ಒಂದೇ, ತಪ್ಪುವ ಭಯವಿಲ್ಲ. ಮೇಕೆಮರಿಯ ಹಾಗೆ ಕಲ್ಲಿಂದ ಕಲ್ಲಿಗೆ ನೆಗೆದಳು. ಹಿಂದಿನಿಂದ ಅಕ್ಕಾ ನಿಧಾನ, ಅಕ್ಕಾ ನಿಧಾನ ಎಂಬ ಗೋಗರೆತ ಕೇಳಿಸಿದಷ್ಟೂ ಕಾಲಿಗೆ ರೆಕ್ಕೆ ಬಂತು. ನೆತ್ತಿ ತಲುಪಿದಾಗ ಮುರಿದ ಗೋಡೆಗಳ ನಡುವೆ ಆಕಾಶವೇ ಅಂಗಳಕ್ಕೆ ಇಳಿದಂತಿತ್ತು. ಅವಳಿಗೆ ಭಾಷಣವೆಲ್ಲ ಮರೆತು ನಗು ಬಂತು. ಕಾರಣವಿಲ್ಲದ, ಹೊಟ್ಟೆ ಹಿಡಿದುಕೊಳ್ಳುವ ನಗು. ನೋಡಿದವರಿಗೂ ಅಂಟಿತು. ಗುಂಪಿನಲ್ಲಿದ್ದ ನಿವೃತ್ತ ಮೇಷ್ಟ್ರು ನಗುತ್ತ ನಗುತ್ತ ಕಟ್ಟಿಸಿದ ಹಲ್ಲನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

ಆಮೇಲೆ ಅವಳು ಗಂಡನಂತೆಯೇ ಜನಕ್ಕೆ ಮುಖಮಾಡಿ ನಿಂತು, ಕೆಮ್ಮಿ, ಶುರುಮಾಡಿದಳು. ಯಡವಟ್ಟಾದದ್ದು ಒಂದೇ. ಗಂಡನ ಎಡಗೈ ಎದುರಿಗೆ ಕೂತವಳಿಗೆ ಬಲಗಡೆ. ಅವಳು ಕಲಿತದ್ದು ಕನ್ನಡಿಯೊಳಗಿನ ಊರು. ಬಲಗೈ ಚಾಚಿ, ದನಿ ನಡುಗಿಸಿ, ಕುದುರೆಲಾಯವನ್ನು ರಾಜಸಭೆ ಮಾಡಿದಳು. ಪ್ರವಾಸಿಗಳು ಟೋಪಿ ತೆಗೆದರು. ಮೇವಿನ ಕಲ್ಲಿನ ಮೇಲೆ ಸಿಂಹಾಸನವೆಂದು ಸರದಿಯಲ್ಲಿ ಕೂತು ಫೋಟೋ ತೆಗೆಸಿಕೊಂಡರು. ನಿಜವಾದ ರಾಜಸಭೆಯ ಕೆತ್ತನೆಯ ಕಂಬಗಳನ್ನು ಕಂಡು ಮೇಷ್ಟ್ರ ಕಣ್ಣು ಒದ್ದೆಯಾಯಿತು. ಕುದುರೆಗಳಿಗೇ ಇಷ್ಟು ಮಾಡಿದ ದೊರೆ ಪ್ರಜೆಗಳಿಗೆ ಇನ್ನೆಷ್ಟು ಮಾಡಿರಬೇಡ ಎಂದರು.

ಕೆಳಗಿಳಿದಾಗ ಭಾಷಣದಣ್ಣ ಮಸಿ ಮೆತ್ತಿದ ಮುಖದಲ್ಲಿ ಒಲೆ ಊದುತ್ತಿದ್ದ. ಗಂಜಿಯ ಕರಕಲು ವಾಸನೆ ಅರ್ಧ ಬೆಟ್ಟಕ್ಕೆ ಹಬ್ಬಿತ್ತು. ಯಾರೋ ಮೂಗು ಮುರಿದರು. ಒಲೆಯಕ್ಕ ತಡಮಾಡಲಿಲ್ಲ. ನೆತ್ತಿ ಹತ್ತಿ ಇಳಿದವರಿಗೆಂದೇ ಮಾಡುವ ಹೊಗೆಗಂಜಿ ಇದು, ಹದ ಎಲ್ಲರಿಗೂ ಬರುವುದಿಲ್ಲ ಎಂದು ತಟ್ಟೆಗಳಿಗೆ ಸುರಿದಳು.

ಆಗ ಮೇಷ್ಟ್ರು ಗೈಡಿನ ಕಡೆ ತಿರುಗಿದರು. "ನಂದೊಂದು ಸಂಶಯ. ಸಿಂಹಾಸನದ ಪಕ್ಕ ಕಬ್ಬಿಣದ ಬಳೆ ಇದೆಯಲ್ಲ, ಕಟ್ಟಿಹಾಕೋಕೆ ಇದ್ದ ಹಾಗೆ. ಯಾಕೆ?"

ಭಾಷಣದಣ್ಣ ತನ್ನ ಎಡಗೈ ನೋಡಿಕೊಂಡ. ಬಲಗೈ ನೋಡಿಕೊಂಡ. ಆಮೇಲೆ ಹೆಂಡತಿಯನ್ನು ನೋಡಿದ. ಅವನಿಗೆ ಹೊಳೆದದ್ದು ಅವಳಿಗೂ ಆಗಲೇ ಹೊಳೆಯಿತು. ಸೌಟು ಗಾಳಿಯಲ್ಲೇ ನಿಂತಿತು. ಅವನು ಒಂದು ಮಾತು ಆಡಿದರೆ ಸಾಕು, ಅವಳಿಗೆ ಮತ್ತೆ ಕೆಳದಾರಿ. ಆದರೆ ಆ ಸೌಟಿನ ತುಂಬ ಅವನದೇ ಕರಕಲು ಇತ್ತು.

"ರಾಜನಿಗೂ ಹೆಂಡ್ತಿ ಇದ್ದಳಲ್ಲ ಸಾರ್," ಎಂದ. "ಎದ್ದು ಓಡದ ಹಾಗೆ ಕಟ್ಟಿಹಾಕಿರ್ತಾಳೆ."

ಡೇರೆಗಳು ಹಾರುವಷ್ಟು ನಗು. ಗೊಣಗಿದವರಿಲ್ಲ. ಮೇಷ್ಟ್ರು ಹೊಗೆಗಂಜಿಯನ್ನು ಇನ್ನೊಮ್ಮೆ ಹಾಕಿಸಿಕೊಂಡರು.

ಮನೆಗೆ ಬಂದವಳೇ ಒಲೆಯಕ್ಕ ದರ್ಜಿಯ ಹೆಂಡತಿಯ ಮಿಷನ್ ನಿಲ್ಲಿಸಿದಳು. "ಬಿಸಿಲಿಗೆ ಕಾದ ಕಲ್ಲು, ಮೇಕೆ ಹಿಕ್ಕೆ," ಎಂದಳು. "ಒಲೆ ಹೊಗೆ ವಾಸನೆ ಇಲ್ಲವೇ ಇಲ್ಲ ಕಣೇ."

ಮುಂದಿನ ಸೀಸನ್ನಿನ ಹೊತ್ತಿಗೆ ಭಾಷಣದಣ್ಣ ನಡುಕೋಣೆಯಲ್ಲಿ ಗೋಡೆಗೆ ಮುಖ, ಹೆಂಡತಿಗೆ ಬೆನ್ನು ಮಾಡಿ ಉರುಹೊಡೆಯತೊಡಗಿದ. ಅವನು ಎಡಗೈ ಚಾಚಿದಾಗ ಹಿಂದೆ ನಿಂತವಳೂ ಎಡಗೈಯನ್ನೇ ಚಾಚಿದಳು. ಈರುಳ್ಳಿ, ಚಾಕು ಈಗ ಗೋಡೆಯ ಬುಡದಲ್ಲಿ, ಅವನ ಕಾಲ ಹತ್ತಿರ ಇದ್ದವು.