ಬೀಟ್‌ರೂಟಿಗೆ ಮೂರು ನೀರು

ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಪ್ರಾಜೆಕ್ಟು ಬೀಟ್‌ರೂಟ್ ಮೇಲಿತ್ತು. ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ; ಗಿಡ ಬೆಳೆಸುವ ಹಾರ್ಮೋನು ಅದನ್ನು ಸಡಿಲಿಸಿದರೆ ಬಣ್ಣ ಸೋರಿ, ಹೋಳು ಹಾಕಿಟ್ಟ ನೀರು ಕೆಂಪಾಗಬೇಕು. ಆದರೆ ನನ್ನ ಕೈಯಲ್ಲಿ ಹಾರ್ಮೋನು ಹಾಕದ ಬರೀ ನೀರೂ ಅಷ್ಟೇ ಕೆಂಪಾಗುತ್ತಿತ್ತು. ಸೋಮವಾರದೊಳಗೆ ಸರಿಹೋಗದಿದ್ದರೆ ವಿಷಯವನ್ನೇ ಬದಲಿಸಿ ಎಂದಿದ್ದರು ಗೈಡ್.

ಎಂ.ಸಿ.ಸಿ. ಬಡಾವಣೆಯ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕ ಊಟ ಬಡಿಸುತ್ತಾ, "ಕೈ ಯಾಕ ಹಿಂಗ್ ಕೆಂಪಗೈತೆ ತಮ್ಮಾ?" ಎಂದರು. ಕಷ್ಟ ಹೇಳಿಕೊಂಡೆ.

"ಹೆಚ್ಚಿದ ಮ್ಯಾಲೆ ತೊಳದಿಲ್ಲೇನು? ಚಾಕು ತಾಗಿದ ಕಡೆ ಬಣ್ಣ ಬಿಡದೇ ಇರುತ್ತಾ? ಸಾಗಿಗೆ ಹಾಕೋವಾಗ ನಾನು ಮೂರು ನೀರಾಗ ತೊಳಿತೀನಿ. ಇಲ್ಲಂದ್ರೆ ಆಲೂಗಡ್ಡೆನೂ ಕೆಂಪಗಾಗುತ್ತೆ."

ಭಾನುವಾರವೇ ಮೂರು ನೀರಿನಲ್ಲಿ ತೊಳೆದೆ. ಬರೀ ನೀರು ತಿಳಿಯಾಗಿಯೇ ಉಳಿಯಿತು. ಹಾರ್ಮೋನಿನ ನೀರು ಮಾತ್ರ ನಿಧಾನಕ್ಕೆ ಕೆಂಪಾಯಿತು. "ಯಾವ ಪೇಪರ್‌ನಲ್ಲಿ ಓದಿದ್ರಿ?" ಎಂದು ಗೈಡ್ ಕೇಳಿದಾಗ, ಮೆಸ್ಸು ಅನ್ನಲು ನಾಚಿ "ಹಳೇ ಪದ್ಧತಿ ಸರ್" ಅಂದುಬಿಟ್ಟೆ.

ಈಗ ಹರಿಹರದ ಕಾಲೇಜೊಂದರಲ್ಲಿ ನಾನೇ ಮೇಷ್ಟ್ರು. ಈ ಪ್ರಯೋಗ ಮಾಡಿಸುವಾಗ ಅಕ್ಕನ ಕತೆ ತಪ್ಪದೆ ಹೇಳುತ್ತೇನೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಪೆನ್ನು ಹಿಡಿದು, "ಅವರ ಹೆಸರೇನು ಸರ್? ಬರ್ಕೋತೀನಿ" ಎಂದಳು. ಎರಡು ವರ್ಷ ಅವರ ಕೈಯೂಟ ಉಂಡಿದ್ದೆ, ಹೆಸರು ಕೇಳಿರಲಿಲ್ಲ.

"ಹಳೇ ಪದ್ಧತಿ ಅಂತ ಬರಿಯಮ್ಮ" ಅಂದೆ.