ದೊಡ್ಡ, ಚಿಕ್ಕ ಬಿಟ್ಟು ಜೋಡಿಸಿದ ಕಾರ್ಡುಗಳು

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಮಧುಗಿರಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಒಂದು ಕಂಪ್ಯೂಟರ್ ಬಂತು. ನಾನೂ ಹೋಗಿ ಸೇರಿಕೊಂಡೆ. ಮೊದಲ ವಾರ ಎರಡು ಪತ್ರ ಟೈಪು ಮಾಡಿ, ಒಂದಕ್ಕೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹೆಸರು ಕೊಟ್ಟೆ, ಇನ್ನೊಂದಕ್ಕೆ ಅದೇ ಹೆಸರನ್ನು ಚಿಕ್ಕಕ್ಷರದಲ್ಲಿ ಕೊಟ್ಟೆ. ಆಮೇಲೆ ಹುಡುಕಿದರೆ ಇದ್ದದ್ದು ಒಂದೇ, ಎರಡನೆಯದು.

ಕಲಿಸುವಾತ ನಕ್ಕ. "ಇದಕ್ಕೆ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಾ ಒಂದೇ ಕಣ್ರೀ. ಒಂದೇ ಹೆಸ್ರು ಅಂದ್ಕೊಂಡು ಹಳೇದ್ರ ಮೇಲೇ ಹೊಸಾದನ್ನ ಬರ್ಕೊಂಡ್ಬುಡ್ತದೆ. ಒಂದು ಮಾತು ಕೇಳೋದೂ ಇಲ್ಲ."

ಎಲ್ಲರೂ ನಕ್ಕರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಯಂತ್ರ ಮಾಡಿದ್ದನ್ನು ಹತ್ತು ಹನ್ನೆರಡು ವರ್ಷ ಮೊದಲೇ ನಾನು ಕೈಯಾರೆ ಮಾಡಿದ್ದೆ.

ಆಗ ನಾನು ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಗುಮಾಸ್ತ. ಈಗ ಆ ಆಸ್ಪತ್ರೆ ಇಲ್ಲ. ಕ್ಷಯ ಹಿಡಿದವರಿಗೆ ಅಲ್ಲಿ ಪುಕ್ಕಟೆ ಮಾತ್ರೆ ಕೊಡುತ್ತಿದ್ದರು. ಶಿರಾ, ಕೊರಟಗೆರೆ, ಪಾವಗಡದಿಂದೆಲ್ಲ ಜನ ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಕಾರ್ಡು. ಯಾರು ಯಾರು ಮಾತ್ರೆ ಒಯ್ದರೆಂದು ಕಾಂಪೌಂಡರ್ ಪಟ್ಟಿ ಕಳಿಸುತ್ತಿದ್ದ. ಅದನ್ನು ನೋಡಿ ಸಂಜೆ ನಾನು ಅವರವರ ಕಾರ್ಡಿನಲ್ಲಿ ಆ ತಿಂಗಳ ಗುರುತು ಹಾಕಬೇಕು. ಗುರುತು ತಪ್ಪಿದವರ ಊರಿಗೆ ನಮ್ಮ ಆರೋಗ್ಯ ಸಹಾಯಕ ಸೈಕಲ್ ತುಳಿದುಕೊಂಡು ಹೋಗಿ, ಬೈದೋ ಬೇಡಿಕೊಂಡೋ ಕರೆತರುತ್ತಿದ್ದ. ಒಂದೂವರೆ ವರ್ಷ ಬಿಡದೆ ನುಂಗಿದರೆ ಬದುಕುತ್ತಿದ್ದರು. ಕೆಮ್ಮು ನಿಂತಿತೆಂದು ನಡುವೆ ಬಿಟ್ಟವರು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ.

ಕಾರ್ಡು ಜೋಡಿಸುವುದೇ ತಲೆನೋವು. ನಮ್ಮ ಸೀಮೆಯಲ್ಲಿ ಮನೆದೇವರ ಹೆಸರನ್ನೇ ಮನೆಮಂದಿಗೆಲ್ಲ ಇಡುತ್ತಾರೆ. ಅಕ್ಕನಿಗೂ ಅದೇ, ತಂಗಿಗೂ ಅದೇ. ಹೆಸರಿಗೆ ಮೊದಲು ದೊಡ್ಡ ಎಂದೋ ಚಿಕ್ಕ ಎಂದೋ ಸೇರಿಸಿದರೆ ಮುಗಿಯಿತು. ಪಾವಗಡದ ಕಡೆಯವರು ತೆಲುಗಿನಲ್ಲಿ ಪೆದ್ದ, ಚಿನ್ನ ಎನ್ನುತ್ತಿದ್ದರು. ಹೇಳಿದ ಹಾಗೇ ಬರೆದು ಅಕ್ಷರಮಾಲೆಯಂತೆ ಇಟ್ಟರೆ ಅರ್ಧ ತಾಲೂಕು ಒಂದೇ ಡ್ರಾಯರಿನಲ್ಲಿ ತುರುಕಿಕೊಳ್ಳುತ್ತಿತ್ತು. ನನಗೋ ಅಚ್ಚುಕಟ್ಟಿನ ಹುಚ್ಚು. ದೊಡ್ಡ, ಚಿಕ್ಕ, ಪೆದ್ದ, ಚಿನ್ನ ಎಲ್ಲವನ್ನೂ ಹೊಡೆದುಹಾಕಿ, ಉಳಿದ ಹೆಸರಿನ ಮೇಲೆ ಎಲ್ಲ ಕಾರ್ಡುಗಳನ್ನೂ ಹೊಸದಾಗಿ ಜೋಡಿಸಿದೆ. ಡಾಕ್ಟರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಜೋಡಿಸುವಾಗ ಒಂದೇ ಹೆಸರು, ಒಂದೇ ಗಂಡನ ಹೆಸರು, ಒಂದೇ ಊರು ಇರುವ ಎರಡು ಕಾರ್ಡು ಸಿಕ್ಕರೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಾವು ಕೊಟ್ಟ ಚೀಟಿ ಕಳೆದುಕೊಂಡವರು ಹೊಸಬರಂತೆ ಬಂದು ಮತ್ತೊಂದು ಕಾರ್ಡು ಬರೆಸಿಕೊಳ್ಳುವುದು ಮಾಮೂಲಾಗಿತ್ತು. ಹೊಸದನ್ನು ಉಳಿಸಿ ಹಳೆಯದನ್ನು ಹರಿದುಹಾಕಿದೆ.

ಬಡವನಹಳ್ಳಿ ಕಡೆಯ ಒಂದು ಕುರಿಗಾಹಿಗಳ ಹಟ್ಟಿಯಿಂದ ಅಕ್ಕತಂಗಿಯರಿಬ್ಬರು ಬರುತ್ತಿದ್ದರು. ಇಬ್ಬರಿಗೂ ಒಂದೇ ದೇವರ ಹೆಸರು. ಕೊಟ್ಟದ್ದೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ. ಅವರಲ್ಲೂ ಹೆಸರೊಂದೇ, ಒಬ್ಬ ದೊಡ್ಡ, ಒಬ್ಬ ಚಿಕ್ಕ. ಮೊದಲು ಕಾಯಿಲೆ ಬಿದ್ದವಳು ಅಕ್ಕ, ಹಾಗಾಗಿ ಹಳೆಯ ಕಾರ್ಡು ಅವಳದು. ಅದನ್ನು ಹರಿದದ್ದು ನನಗೆ ನೆನಪು ಕೂಡ ಇಲ್ಲ.

ಒಂದು ತಿಂಗಳು ತಂಗಿ ಮಾತ್ರೆ ತೆಗೆದುಕೊಂಡ ಮೇಲೂ ಹೋಗದೆ ನನ್ನ ಮೇಜಿನ ಮುಂದೆ ನಿಂತಳು.

"ಸ್ವಾಮಿ, ನಮ್ಮಕ್ಕ ಮಾತ್ರೆ ತಗಣಾಕೆ ಬತ್ತಾ ಇಲ್ಲ. ಕುರಿ ಹಿಂದೆ ಹೋದೋಳು ತಿಂಗ್ಳುಗಟ್ಲೆ ಮನೇಗೇ ಬರಾಕಿಲ್ಲ. ನಾನ್ ಹೇಳುದ್ರೆ ಕೇಳಾಕಿಲ್ಲ. ಸೈಕಲ್ ಅಣ್ಣನ್ನ ಒಂದ್ಸಲ ಕಳ್ಸಿ, ಬೈದ್ರಾದ್ರೂ ಬತ್ತಾಳೆ."

ಅಕ್ಕನ ಹೆಸರು ಕೇಳಿ ಡ್ರಾಯರ್ ಎಳೆದೆ. ಕಾರ್ಡು ಥಟ್ಟನೆ ಸಿಕ್ಕಿತು. ತಿಂಗಳು ತಿಂಗಳೂ ಗುರುತು ಬಿದ್ದಿತ್ತು.

"ತಪ್ಪದೆ ಬಂದಿದಾಳಲ್ಲಮ್ಮ, ಇಲ್ಲೇ ಬರೆದಿದೆ," ಎಂದೆ. "ನಿನಗೆ ಹೇಳದೆ ಬಂದು ಹೋಗ್ತಿರಬೇಕು."

"ಹೌದಾ ಸ್ವಾಮಿ?" ಎಂದು ಕಾರ್ಡನ್ನೇ ನೋಡಿದಳು. ಅವಳಿಗೆ ಓದು ಬಾರದು. "ಅಂಗಾರೆ ಸರಿ. ನಾನೇ ಸುಮ್ಕೆ ಅವಳ ಜೀವ ತಿಂತಿದ್ದೆ." ಅವಳ ಮುಖ ಹಗುರವಾದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಂದೆ ಇನ್ನೂ ಜನ ನಿಂತಿದ್ದರು. ನಾನು ಡ್ರಾಯರ್ ತಳ್ಳಿದೆ.

ಅಂದಿನಿಂದ ಅವಳು ಅಕ್ಕನಿಗೆ ಮಾತ್ರೆಯ ಮಾತೆತ್ತುವುದನ್ನೇ ಬಿಟ್ಟಳಂತೆ. ಐದಾರು ತಿಂಗಳ ಮೇಲೆ ಮತ್ತೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ನಮ್ಮಕ್ಕ ಹೋಗ್ಬುಟ್ಲು ಸ್ವಾಮಿ, ರಕ್ತ ಕಾರ್ಕೊಂಡು. ನೀವು ಬತ್ತಾವ್ಳೆ ಅಂದಿದ್ರಲ್ಲ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ತಿಳಿಯದೆ ಕೇಳುತ್ತಿದ್ದಳು. ಅವಳು ಕ್ಯಾಕರಿಸಿ ಉಗಿದಿದ್ದರೂ ತಡೆದುಕೊಳ್ಳುತ್ತಿದ್ದೆ. ಡ್ರಾಯರ್ ಎಳೆದೆ. ಅದೇ ಕಾರ್ಡು, ಹಿಂದಿನ ತಿಂಗಳ ಗುರುತೂ ಇತ್ತು. ಇನ್ನೊಂದಕ್ಕಾಗಿ ಹಿಂದೆ ಮುಂದೆ ತಡಕಾಡಿದೆ. ಇರಲಿಲ್ಲ. ಆಗ ನನ್ನ ಮರಮಂಡೆಗೆ ಹೊಳೆಯಿತು.

"ತಪ್ಪಾಯಿತಮ್ಮ," ಎಂದೆ. "ಅಕ್ಕನ ಕಾರ್ಡು ನಾನು ಹರಿದುಬಿಟ್ಟಿದೀನಿ. ಈ ಗುರುತೆಲ್ಲ ನಿನ್ನವೇ. ನಿಮ್ಮಕ್ಕ ಬಂದೇ ಇಲ್ಲ."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಪೆನ್ನು ತೆಗೆದು ಕಾರ್ಡಿನ ಮೇಲೆ ಬರೆಯತೊಡಗಿದೆ.

"ಅದೇನ್ ಬರೀತಿದೀರಿ?"

"ನಿನ್ನ ಹೆಸರಿಗೆ ಚಿಕ್ಕ ಅಂತ ಸೇರಿಸ್ತಿದೀನಿ. ಇನ್ನು ಮುಂದೆ ಒಂದಕ್ಕೊಂದು ಬೆರೆಯಬಾರದಲ್ಲ."

"ಇನ್ಯಾಕೆ ಸ್ವಾಮಿ," ಎಂದಳು. "ಈಗ ನಾನೊಬ್ಳೇ ಅಲ್ವಾ."

ಆದರೂ ಬರೆದೆ. ಅವಳು ಮಾತ್ರೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಮಾರನೆಯ ದಿನದಿಂದ ಪ್ರತಿ ಕಾರ್ಡಿಗೂ ಒಂದು ನಂಬರು ಕೊಟ್ಟು, ಹೊಡೆದುಹಾಕಿದ್ದ ದೊಡ್ಡ, ಚಿಕ್ಕಗಳನ್ನೆಲ್ಲ ಮತ್ತೆ ಬರೆದೆ. ಆದರೆ ಬರೆಯಲಿಕ್ಕೆ ಇದ್ದದ್ದು ನಾನು ಉಳಿಸಿದ ಕಾರ್ಡುಗಳು ಮಾತ್ರ. ಇನ್ನು ಯಾರ್ಯಾರದನ್ನು ಹರಿದಿದ್ದೆನೋ, ಯಾವ ಯಾವ ಊರಿಗೆ ಸೈಕಲ್ ಕಳಿಸಬೇಕಿತ್ತೋ, ಅದನ್ನು ತಿಳಿಯುವ ದಾರಿಯೇ ಇರಲಿಲ್ಲ.